ಗಾಡಿ ನಿಲ್ಲಿಸುವ ಕೆಲಸ

ಪೆನ್ಸಿಲ್ವೇನಿಯಾದ ಆಲ್ಟೂನಾ ಪಟ್ಟಣದಿಂದ ಅರ್ಧ ಗಂಟೆ ದೂರದ ಒಂದು ಊರಿನಲ್ಲಿ, ಹಳೆಯ ಹಾರ್ಡ್‌ವೇರ್ ಅಂಗಡಿಯ ನೆಲಮಾಳಿಗೆಯಲ್ಲಿ, ತಿಂಗಳಿಗೊಂದು ಶನಿವಾರ ಹದಿನಾಲ್ಕು ಜನ ಸೇರಿ ಒಂದು ರೈಲ್ವೆಯನ್ನು ನಡೆಸುತ್ತಾರೆ. ರೈಲು ಓಡಿಸುತ್ತಾರೆ ಎಂದು ನಾನು ಬರೆಯಲಿಲ್ಲ. ಓಡಿಸುವುದು ಬೇರೆ, ನಡೆಸುವುದು ಬೇರೆ. ಇವೆರಡರ ನಡುವಿನ ಅಂತರದಲ್ಲೇ ಅವರ ಹವ್ಯಾಸವೆಲ್ಲ ಇದೆ.

ಆಟದ ರೈಲು ಎಂದರೆ ನಮಗೆ ನೆನಪಾಗುವುದು ಜಾತ್ರೆಯಲ್ಲಿ ಕೊಂಡ, ಕೀಲಿ ಕೊಟ್ಟರೆ ಗುಂಡಗೆ ಸುತ್ತುವ ತಗಡಿನ ಗಾಡಿ. ಐದು ನಿಮಿಷ ನೋಡಿದರೆ ಮಕ್ಕಳಿಗೂ ಬೇಸರ. ಇವರ ಗಾಡಿಗಳು ಸುತ್ತುವುದಿಲ್ಲ. ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರುತ್ತವೆ. ನಡುವೆ ನಿಲ್ಲುತ್ತವೆ, ವ್ಯಾಗನ್ ಬಿಡುತ್ತವೆ, ಬೇರೆ ವ್ಯಾಗನ್ ಕಟ್ಟಿಕೊಳ್ಳುತ್ತವೆ, ಎದುರಿನಿಂದ ಬರುವ ಗಾಡಿಗೆ ದಾರಿ ಬಿಟ್ಟು ಕಾಯುತ್ತವೆ. ಅಳತೆಯೆಲ್ಲ ಅಸಲಿನ 87ನೇ ಒಂದು ಭಾಗ. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್, ನಲವತ್ತು ಅಡಿಯ ಒಂದು ಗೂಡ್ಸ್ ವ್ಯಾಗನ್ ಇಲ್ಲಿ 14 ಸೆಂಟಿಮೀಟರ್, ಅಂದರೆ ಒಂದು ಪೆನ್ನಿನಷ್ಟು ಉದ್ದ.

ನಾನು ಅಲ್ಲಿಗೆ ಹೋದದ್ದು ರೈಲಿನ ಮೋಹದಿಂದಲ್ಲ. ನನ್ನ ಪಿಎಚ್‌ಡಿ ಸರದಿ ಸಾಲಿನ ಗಣಿತದ ಮೇಲೆ. ಆಸ್ಪತ್ರೆಯ ಹೊರರೋಗಿ ವಿಭಾಗಗಳಲ್ಲಿ ಜನ ಎಷ್ಟು ಹೊತ್ತು ಕಾಯುತ್ತಾರೆ, ಆ ಕಾಯುವಿಕೆಯನ್ನು ಹೇಗೆ ಕಡಿಮೆ ಮಾಡಬಹುದು ಎಂಬುದು ನನ್ನ ಪ್ರಶ್ನೆ. ನಮ್ಮ ವಿಭಾಗದ ವರ್ಕ್‌ಶಾಪಿನಲ್ಲಿ ಲೇತ್ ನೋಡಿಕೊಳ್ಳುವ ಟೆಕ್ನಿಷಿಯನ್ ಒಬ್ಬರು ನನ್ನ ಬೋರ್ಡಿನ ಮೇಲಿನ ಬಾಣಗುರುತುಗಳನ್ನು ಬಹಳ ದಿನ ನೋಡಿ, ಕೊನೆಗೆ ಒಂದು ದಿನ ಕೇಳಿದರು: "ಕಾಯುವುದರ ಬಗ್ಗೆ ತಾನೇ ನೀನು ಓದುತ್ತಿರುವುದು? ಹಾಗಾದರೆ ಒಂದು ಶನಿವಾರ ನಮ್ಮಲ್ಲಿಗೆ ಬಾ. ನಾವು ಕಾಯುವುದಕ್ಕೆಂದೇ ಸೇರುತ್ತೇವೆ."

ಅವರ ಮಾತು ತಮಾಷೆಯೆಂದುಕೊಂಡಿದ್ದೆ.

ಇಂಥ ಕೂಟಕ್ಕೆ ಅಮೆರಿಕದ ಹವ್ಯಾಸಿಗಳು 'ಆಪರೇಟಿಂಗ್ ಸೆಷನ್' ಎನ್ನುತ್ತಾರೆ. ಇದಕ್ಕೊಂದು ದೊಡ್ಡ ಪರಂಪರೆಯೇ ಇದೆ. ನ್ಯೂ ಆರ್ಲಿಯನ್ಸ್‌ನ ಫ್ರ್ಯಾಂಕ್ ಎಲಿಸನ್ ಎಂಬವರು 1940ರ ದಶಕದಲ್ಲಿ 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯಲ್ಲಿ ಬರೆದ ಲೇಖನಗಳಲ್ಲಿ ಈ ಹವ್ಯಾಸವನ್ನು ನಾಟಕಕ್ಕೆ ಹೋಲಿಸಿದರು. ಹಳಿ, ಗುಡ್ಡ, ಮನೆಗಳೆಲ್ಲ ರಂಗಸಜ್ಜಿಕೆ, ಗಾಡಿಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ. ರಂಗ ಎಷ್ಟೇ ಚೆಂದವಿರಲಿ, ನಾಟಕ ನಡೆಯದಿದ್ದರೆ ಅದು ಬರಿಯ ಪರದೆ. ಮುಂದೆ 1961ರಲ್ಲಿ ಡಗ್ ಸ್ಮಿತ್ ಎಂಬವರು ಪ್ರತಿ ವ್ಯಾಗನ್ನಿಗೂ ಒಂದು ಚೀಟಿ ಎಂಬ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಆ ಚೀಟಿಯಲ್ಲಿ ವ್ಯಾಗನ್ನಿನ ಸಂಖ್ಯೆ, ಒಳಗಿರುವ ಸರಕು, ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಲ್ಲ ಇರುತ್ತದೆ. ಅಲ್ಲಿಯವರೆಗೆ ಅಲಂಕಾರದಂತಿದ್ದ ವ್ಯಾಗನ್ನಿಗೆ ಆ ಚೀಟಿಯಿಂದ ಒಂದು ಉದ್ದೇಶ ಬಂತು. ಒಹಾಯೋದ ಅಲೆನ್ ಮೆಕ್ಲೆಲೆಂಡ್ ತಮ್ಮ ರೈಲ್ವೆಯನ್ನು ಕಟ್ಟುವಾಗ ಇನ್ನೊಂದು ಮಾತು ಸೇರಿಸಿದರು: ನಿಮ್ಮ ಹಳಿ ನೆಲಮಾಳಿಗೆಯ ಗೋಡೆಗೆ ಮುಗಿಯಬಾರದು. ಗೋಡೆಯಾಚೆಗೂ ದೇಶವಿದೆ, ನಿಮ್ಮ ಕಲ್ಲಿದ್ದಲು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಖಾಲಿ ವ್ಯಾಗನ್ ವಾಪಸು ಬರುತ್ತದೆ ಎಂದು ನಂಬಿ ನಡೆಸಬೇಕು.

ನಾನು ಹೋದ ಕ್ಲಬ್ಬಿನ ರೈಲ್ವೆ ಯಾವ ನಕ್ಷೆಯಲ್ಲೂ ಇಲ್ಲ. ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ ಇದ್ದಿರಬಹುದಾದ ಒಂದು ಏಕಪಥ, ಕಾಲ 1954ರ ಅಕ್ಟೋಬರ್. ಉಗಿ ಎಂಜಿನ್ನುಗಳು ಹೋಗುತ್ತಾ ಡೀಸೆಲ್ ಬರುತ್ತಿದ್ದ ಕಾಲ. ನೆಲಮಾಳಿಗೆಯ ಗೋಡೆಗುಂಟ, ಎದೆಯೆತ್ತರದ ಹಲಗೆಗಳ ಮೇಲೆ, ಒಂದು ಯಾರ್ಡು, ಐದು ಸ್ಟೇಷನ್ನು, ಒಂದು ಕಲ್ಲಿದ್ದಲ ಗಣಿ. ಬೆಟ್ಟದ ಮರಗಳಿಗೆಲ್ಲ ಶರತ್ಕಾಲದ ಕೆಂಪು. ಮೇನ್ ಲೈನಿನ ಉದ್ದ 70 ಮೀಟರ್. 87ರಿಂದ ಗುಣಿಸಿದರೆ ಆರು ಕಿಲೋಮೀಟರ್, ಹೆಚ್ಚುಕಡಿಮೆ ಕಡೂರಿನಿಂದ ಬೀರೂರಿಗಿರುವಷ್ಟು. ಅಷ್ಟು ದೂರಕ್ಕೆ ಒಂದು ದಿನದ ರೈಲ್ವೆ ಎಲ್ಲಿ ಹಿಡಿಸೀತು? ಹಾಗಾಗಿ ಜಾಗವನ್ನು ಕುಗ್ಗಿಸಿದಂತೆ ಕಾಲವನ್ನೂ ಕುಗ್ಗಿಸುತ್ತಾರೆ. ಗೋಡೆಯ ಮೇಲಿನ ಗಡಿಯಾರ ಮೂರು ಪಟ್ಟು ವೇಗವಾಗಿ ಓಡುತ್ತದೆ. ನಮ್ಮ ಕೈಗಡಿಯಾರದಲ್ಲಿ ಇಪ್ಪತ್ತು ನಿಮಿಷವಾದರೆ ಅಲ್ಲಿ ಒಂದು ಗಂಟೆ.

ಶುರುವಾಗುವ ಮೊದಲು ಕಾಫಿ, ಡೋನಟ್. ಆಮೇಲೆ ಕೆಲಸದ ಹಂಚಿಕೆ. ಮೆಟ್ಟಿಲಿನ ಕೆಳಗಿನ ಪುಟ್ಟ ಕೋಣೆಗೆ ಹೋಗಿ ಒಬ್ಬರು ಬಾಗಿಲು ಹಾಕಿಕೊಂಡರು. ಅವರು ಡಿಸ್ಪ್ಯಾಚರ್, ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಕಂಟ್ರೋಲರ್. ಇಡೀ ರೈಲ್ವೆಗೆ ಅಪ್ಪಣೆ ಕೊಡುವ ಆತನಿಗೆ ಒಂದು ಗಾಡಿಯೂ ಕಣ್ಣಿಗೆ ಕಾಣುವುದಿಲ್ಲ. ಎದುರಿಗೊಂದು ದೊಡ್ಡ ಕಾಗದ, ಒಂದು ಫೋನು, ಒಂದು ಪೆನ್ಸಿಲ್. ಯಾವ ಗಾಡಿ ಎಷ್ಟು ಹೊತ್ತಿಗೆ ಎಲ್ಲಿ ದಾಟಿತು ಎಂದು ಸ್ಟೇಷನ್ನಿನವರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ಆ ಬರಹದಿಂದಲೇ ಹೊರಗಿನ ಲೋಕವನ್ನು ಊಹಿಸಿಕೊಳ್ಳಬೇಕು. ಯಾರ್ಡಿಗೆ ಇಬ್ಬರು, ಮುಖ್ಯ ಸ್ಟೇಷನ್ನುಗಳಿಗೆ ಒಬ್ಬೊಬ್ಬ ಆಪರೇಟರ್, ಪ್ರತಿ ಗಾಡಿಗೆ ಇಬ್ಬರು: ಕೈಯಲ್ಲಿ ಕಂಟ್ರೋಲ್ ಹಿಡಿದು ಎಂಜಿನ್ ಓಡಿಸುವವರು ಒಬ್ಬರು, ಚೀಟಿಗಳನ್ನು ಹಿಡಿದು ಲೆಕ್ಕ ನೋಡುವ ಕಂಡಕ್ಟರ್ ಒಬ್ಬರು. ಅಮೆರಿಕದ ರೈಲಿನಲ್ಲಿ ಗಾಡಿಯ ಯಜಮಾನಿಕೆ ಡ್ರೈವರಿನದಲ್ಲ, ಈ ಕಂಡಕ್ಟರಿನದು. ಹೊಸಬಳಾದ ನನಗೆ ಸಿಕ್ಕಿದ್ದು ಒಂದು ಲೋಕಲ್ ಗೂಡ್ಸಿನ ಕಂಡಕ್ಟರ್ ಕೆಲಸ. ನನ್ನ ಜೊತೆಗಾರ ನಿವೃತ್ತ ಸ್ಕೂಲ್ ಬಸ್ ಡ್ರೈವರ್, ಎಪ್ಪತ್ತರ ಹತ್ತಿರದ, ನಿಧಾನವಾಗಿ ನಗುವ ಮನುಷ್ಯ.

ಎಂಟು ವ್ಯಾಗನ್, ಎಂಟು ಚೀಟಿ. ಪೀಠೋಪಕರಣದ ಕಾರ್ಖಾನೆಗೆ ಮರ ಎರಡು, ಡೇರಿಯಿಂದ ತರಬೇಕಾದ ಖಾಲಿ ಒಂದು, ಗಣಿಗೆ ಖಾಲಿ ಮೂರು, ಹೀಗೆ. ಕೇಳಲು ಏನೂ ಇಲ್ಲ ಅನಿಸುತ್ತದೆ. ಆದರೆ ಕವಲು ಹಳಿ ಹಿಂದಕ್ಕೆ ಮುಖ ಮಾಡಿದ್ದರೆ ಕೆಲಸ ಸುಲಭ, ದಾಟಿಹೋಗಿ ಹಿಂದಕ್ಕೆ ತಳ್ಳಿದರಾಯಿತು. ಅದೇ ಎದುರಿಗೆ ಮುಖ ಮಾಡಿದ್ದರೆ ಎಂಜಿನ್ನೇ ಮೊದಲು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಗ ವ್ಯಾಗನ್ ಬಿಚ್ಚಿ, ಲೂಪ್ ಲೈನಿನಲ್ಲಿ ಎಂಜಿನ್ನನ್ನು ಸುತ್ತಿಸಿ, ಅದರ ಬೆನ್ನಿಗೆ ತಂದು ನಿಲ್ಲಿಸಿ ತಳ್ಳಬೇಕು. ಹಾಗೆ ಮಾಡುವಾಗ ಉಳಿದ ವ್ಯಾಗನ್ನುಗಳನ್ನು ಎಲ್ಲಿ ಇಡುವುದು? ಮೇನ್ ಲೈನಿನಲ್ಲಿ ಇಟ್ಟರೆ ಯಾರದಾದರೂ ದಾರಿಗೆ ಅಡ್ಡ. ಒಂದು ವ್ಯಾಗನ್ನನ್ನು ಅದರ ಜಾಗಕ್ಕೆ ಇಡಲು ಹನ್ನೊಂದು ಸಲ ಹಿಂದೆ ಮುಂದೆ ಮಾಡಿದೆವು. ನನ್ನ ಜೊತೆಗಾರ ಒಮ್ಮೆಯೂ ಅವಸರಪಡಲಿಲ್ಲ. ಗಾಡಿ ಜೋರಾಗಿ ಓಡಿದರೆ ಮೇಲಿನಿಂದ ಯಾರಾದರೂ "ಅಲ್ಲಿ ಬ್ರೇಕ್‌ಮನ್ ನೇತಾಡುತ್ತಿದ್ದಾನೆ, ಪಾಪ" ಎನ್ನುವರು. ಇಲ್ಲದ ಬ್ರೇಕ್‌ಮನ್ನಿನ ಮೇಲೆ ಅಷ್ಟು ಕರುಣೆ.

9.50ಕ್ಕೆ ನಾವು ನಡುವಿನ ಸ್ಟೇಷನ್ನಿನ ಲೂಪ್ ಲೈನಿಗೆ ಸರಿದು ನಿಂತೆವು. 10 ಗಂಟೆಗೆ ಎದುರಿನಿಂದ ಮೊದಲ ದರ್ಜೆಯ ಪ್ಯಾಸೆಂಜರ್ ಬರಬೇಕು. ವೇಳಾಪಟ್ಟಿಯ ನಿಯಮ ಸರಳ: ಗಾಡಿಗಳಿಗೆ ದರ್ಜೆಯಿದೆ. ಕೆಳಗಿನ ದರ್ಜೆಯದು ಮೇಲಿನದಕ್ಕೆ ಐದು ನಿಮಿಷ ಮೊದಲೇ ದಾರಿ ಬಿಟ್ಟಿರಬೇಕು. ನಮ್ಮದಂತೂ ಎಲ್ಲರಿಗಿಂತ ಕೆಳಗೆ.

10 ಆಯಿತು, ಪ್ಯಾಸೆಂಜರ್ ಬರಲಿಲ್ಲ. 10.05 ಆಯಿತು. ನನ್ನ ಜೊತೆಗಾರ ಹಲಗೆಯ ಕೆಳಗಿನಿಂದ ಒಂದು ಸ್ಟೂಲ್ ಎಳೆದು ನನಗೆ ಕೊಟ್ಟು ತಾವು ಇನ್ನೊಂದರಲ್ಲಿ ಕೂತರು. ಯಾಕೆ ತಡವೆಂದು ಗೊತ್ತಿಲ್ಲ. ಎದ್ದು ಹೋಗಿ ಗೋಡೆಯ ತಿರುವಿನಾಚೆ ಇಣುಕಿದರೆ ಗೊತ್ತಾಗುತ್ತದೆ, ಹತ್ತು ಹೆಜ್ಜೆ ಅಷ್ಟೆ. ಯಾರೂ ಇಣುಕುವುದಿಲ್ಲ. ಅಸಲಿ ರೈಲಿನಲ್ಲಿ ಗುಡ್ಡದಾಚೆ ಕಾಣುವುದಿಲ್ಲವಲ್ಲ, ಹಾಗಾಗಿ ಇಲ್ಲಿಯೂ ಕಾಣುವುದಿಲ್ಲ.

ನಾನು ಓದುವ ಗಣಿತ ಹುಟ್ಟಿದ್ದು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ. ಅಲ್ಲಿ ಕೆಲಸಕ್ಕಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ, ಕರೆಗಳು ಯಾವ ಲೆಕ್ಕದಲ್ಲಿ ಬಂದು ಬೀಳುತ್ತವೆ ಎಂದು ಬರೆದ ಲೇಖನದಿಂದ ಇದು ಶುರು. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಒಂದು ನಿಯಮವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಗಂಟೆಗೆ ಇಪ್ಪತ್ತು ರೋಗಿಗಳು ಬರುತ್ತಿದ್ದು ಒಬ್ಬೊಬ್ಬರು ಒಳಗೆ ಅರ್ಧ ಗಂಟೆ ಕಳೆಯುತ್ತಿದ್ದರೆ, ಯಾವ ಹೊತ್ತಿಗೆ ಇಣುಕಿದರೂ ಸರಾಸರಿ ಹತ್ತು ಜನ ಒಳಗಿರುತ್ತಾರೆ. ಇಷ್ಟು ಸರಳ, ಇಷ್ಟು ಗಟ್ಟಿ. ಈ ಗಣಿತದಲ್ಲಿ ಕಾಯುವುದು ಯಾವಾಗಲೂ ಖರ್ಚಿನ ಕಡೆ ಬೀಳುವ ಸಂಖ್ಯೆ. ಅದನ್ನು ಇಳಿಸಬೇಕು, ಆದಷ್ಟು ಸೊನ್ನೆಯ ಹತ್ತಿರ ತರಬೇಕು. ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎನ್ನಲು ಅದರಲ್ಲಿ ಕಾಲಂ ಇಲ್ಲ. ಆ ಸ್ಟೂಲಿನ ಮೇಲೆ ಕೂತಾಗ ನನಗೆ ಮೊದಲು ಹೊಳೆದದ್ದು ಅದು. ನಾವು ಸುಮ್ಮನೆ ಕೂತಿರಲಿಲ್ಲ. ಒಂದು ಪ್ಯಾಸೆಂಜರ್ ಗಾಡಿಗೆ ದಾರಿಯನ್ನು ಖಾಲಿ ಇಟ್ಟುಕೊಂಡು ಕೂತಿದ್ದೆವು. ಆ ಹೊತ್ತಿಗೆ ನಮ್ಮ ಕೆಲಸವೇ ಅದು.

ಎರಡನೆಯದು ಹೊಳೆದದ್ದು ಅಪ್ಪ.

ಅಪ್ಪ ಸ್ಟೇಷನ್ ಮಾಸ್ಟರ್. ಬೀರೂರು–ಶಿವಮೊಗ್ಗ ಮಾರ್ಗದ ಸಣ್ಣ ಸ್ಟೇಷನ್ನೊಂದರಲ್ಲಿ, ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ನಾನು ಬೆಳೆದೆ. ಆಗ ಅದು ಏಕಪಥ, ಟೋಕನ್ ಪದ್ಧತಿ. ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಎರಡು ಕೆಂಪು ಯಂತ್ರ. ಎರಡಕ್ಕೂ ತಂತಿಯ ಸಂಬಂಧ. ಆ ಕಡೆಯವರು ಒಪ್ಪಿ ತಮ್ಮ ಯಂತ್ರವನ್ನು ತಿರುಗಿಸದೆ ಈ ಕಡೆ ಉಕ್ಕಿನ ಗುಂಡು ಬೀಳುವುದಿಲ್ಲ. ಒಂದು ಗುಂಡು ಹೊರಗಿದ್ದರೆ ಇನ್ನೊಂದು ಎರಡೂ ಕಡೆ ಹೊರಬಾರದು. ಆ ಗುಂಡು ಕೈಯಲ್ಲಿದ್ದ ಡ್ರೈವರಿಗೆ ಮಾತ್ರ ಮುಂದಿನ ಸ್ಟೇಷನ್ನಿನ ತನಕ ಹಳಿ ಸ್ವಂತ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕೈಯೆತ್ತಿ ನಿಲ್ಲುತ್ತಿದ್ದ. ನಿಲ್ಲದೆ ಹೋಗುವ ಗಾಡಿಯ ಡ್ರೈವರ್ ತೋಳು ಚಾಚಿ ಬಳೆಯನ್ನು ಸಿಕ್ಕಿಸಿಕೊಂಡು ಹಳೆಯದನ್ನು ಎಸೆದು ಹೋಗುವನು. ಮಳೆಗಾಲದ ರಾತ್ರಿ ಆ ಚೀಲ ಎಲ್ಲಿ ಬಿತ್ತೆಂದು ಟಾರ್ಚ್ ಹಿಡಿದು ಹುಡುಕುತ್ತಿದ್ದದ್ದು ನನಗೆ ನೆನಪಿದೆ.

ಕ್ಲಬ್ಬಿನ ಗೋಡೆಯ ಮೇಲೆ ಹೆಚ್ಚುಕಡಿಮೆ ಅಂಥದ್ದೇ ಒಂದು ಕೋಲು ನೇತುಹಾಕಿದ್ದರು. ಅಮೆರಿಕದಲ್ಲಿ ಅದರಲ್ಲಿ ಗುಂಡಲ್ಲ, ಕಾಗದ ಕಟ್ಟಿ ಕೊಡುತ್ತಿದ್ದರಂತೆ. ಡಿಸ್ಪ್ಯಾಚರ್ ಹೇಳಿದ ಅಪ್ಪಣೆಯನ್ನು ತೆಳು ಕಾಗದದಲ್ಲಿ ಬರೆದುಕೊಂಡು, ಓಡುವ ಎಂಜಿನ್ನಿಗೆ ಒಂದು ಪ್ರತಿ, ಕೊನೆಯ ಗಾರ್ಡಿನ ಡಬ್ಬಿಗೆ ಒಂದು ಪ್ರತಿ. 19ನೇ ನಮೂನೆಯಾದರೆ ಗಾಡಿ ನಿಲ್ಲಬೇಕಿಲ್ಲ. 31ನೇ ನಮೂನೆಯಾದರೆ ನಿಂತು ಸಹಿ ಹಾಕಬೇಕು.

10.11ಕ್ಕೆ ಫೋನ್ ಬಂತು. ನಮ್ಮ ಸ್ಟೇಷನ್ನಿನ ಆಪರೇಟರ್ ಎಂಬತ್ತಾರು ವರ್ಷದ ಹಿರಿಯರು. ಆ ಕೋಣೆಯಲ್ಲಿ ಅಸಲಿ ರೈಲ್ವೆಯಲ್ಲಿ ದುಡಿದವರು ಅವರೊಬ್ಬರೇ. 1957ರಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡಿಗೆ ಆಪರೇಟರಾಗಿ ಸೇರಿದರು. 1968ರಲ್ಲಿ ಅದು ಪೆನ್ ಸೆಂಟ್ರಲ್‌ನಲ್ಲಿ ವಿಲೀನವಾಯಿತು, ಎರಡೇ ವರ್ಷಕ್ಕೆ ಅದು ದಿವಾಳಿಯಾಯಿತು, 1976ರಲ್ಲಿ ಕಾನ್‌ರೇಲ್ ಬಂತು. "ಚೆಕ್ಕಿನ ಮೇಲಿನ ಹೆಸರು ಎರಡು ಸಲ ಬದಲಾಯಿತು, ನನ್ನ ಕುರ್ಚಿ ಅದೇ ಇತ್ತು" ಎಂದು ಕಾಫಿಯ ಹೊತ್ತಿಗೆ ಹೇಳಿದ್ದರು. ಈಗ ಅವರ ಬಲಗೈ ನಡುಗುತ್ತದೆ. ಫೋನನ್ನು ಹೆಗಲಿಗೆ ಒತ್ತಿ ಹಿಡಿದು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಬರೆಯತೊಡಗಿದರು. ಒಂದೊಂದು ಪದಕ್ಕೂ ಹೊತ್ತು ಹಿಡಿಯಿತು. ಆಚೆಯಿಂದ ಡಿಸ್ಪ್ಯಾಚರ್ ಒಂದೊಂದೇ ಪದ ಹೇಳಿ ನಿಲ್ಲುತ್ತಿದ್ದದ್ದು ನಮಗೂ ಕೇಳುತ್ತಿತ್ತು. ಬರೆದದ್ದನ್ನು ಅವರು ಅಕ್ಷರಶಃ ತಿರುಗಿ ಓದಿದರು. ಸಂಖ್ಯೆಗಳನ್ನು ಒಮ್ಮೆ ಸಂಖ್ಯೆಯಾಗಿ, ಒಮ್ಮೆ ಅಂಕಿ ಅಂಕಿಯಾಗಿ. ಆಮೇಲೆ ಗಡಿಯಾರ ನೋಡಿ ವೇಳೆ ಬರೆದು ನನಗೆ ಕೊಟ್ಟರು.

ಅಪ್ಪಣೆಯ ಸಾರ ಇಷ್ಟು: ಪ್ಯಾಸೆಂಜರ್ ಐವತ್ತು ನಿಮಿಷ ತಡವಾಗಿ ಓಡುತ್ತದೆ. ಅಂದರೆ ಮುಂದಿನ ಗಣಿ ಸ್ಟೇಷನ್ನಿಗೆ ಅದು 10.30ಕ್ಕೆ ಮೊದಲು ಬರುವುದಿಲ್ಲ. ಅಷ್ಟರೊಳಗೆ ನಾವು ಹೋಗಿ ಅಲ್ಲಿ ಪಕ್ಕಕ್ಕೆ ಸರಿಯುವುದಾದರೆ ಹೋಗಬಹುದು. ಐದು ನಿಮಿಷದ ನಿಯಮ ಕಳೆದರೆ 10.25. ಅಲ್ಲಿಗೆ ಹನ್ನೆರಡು ನಿಮಿಷದ ದಾರಿ. ಕಾಗದ ನನ್ನ ಕೈ ಸೇರುವಾಗ 10.12.

"ನೀನು ಕಂಡಕ್ಟರ್" ಎಂದರು ನನ್ನ ಜೊತೆಗಾರ. "ಹೋಗೋಣವೋ, ಇರೋಣವೋ?"

ಲೆಕ್ಕದ ಪ್ರಕಾರ ಒಂದು ನಿಮಿಷ ಮಿಕ್ಕುತ್ತಿತ್ತು. ಒಂದು ನಿಮಿಷ ಎಂದರೆ ಅಸಲಿನ ಇಪ್ಪತ್ತು ಸೆಕೆಂಡು. ಒಂದು ಕೊಂಡಿ ಸರಿಯಾಗಿ ಕೂರದಿದ್ದರೂ ಸಾಕು, ಪ್ಯಾಸೆಂಜರಿನ ಮುಂದೆ ನಾವು ಬೆತ್ತಲೆ ನಿಂತಂತೆ. ನಾನು "ಇರೋಣ" ಎಂದೆ. ಅವರು ಏನೂ ಹೇಳದೆ ಕಂಟ್ರೋಲನ್ನು ಮಡಿಲಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಹಳಬರು ಹಾಗೇ ಮಾಡುತ್ತಿದ್ದರಂತೆ" ಎಂದರು.

ಆ ಬಿಡುವಿನಲ್ಲೇ ನನಗೆ ಗಡಿಯಾರದ ಕಥೆ ತಿಳಿದದ್ದು. ವೇಳಾಪಟ್ಟಿಯ ಕಾಗದ ಹೊಸದಾಗಿತ್ತು, ಉಳಿದ ಕಾಗದಗಳೆಲ್ಲ ಅಂಚು ಸವೆದು ಹಳದಿಯಾಗಿದ್ದವು. ಇದನ್ನೇಕೆ ಹೊಸದಾಗಿ ಮುದ್ರಿಸಿದ್ದೀರಿ ಎಂದು ಕೇಳಿದೆ. ಅವರು ದನಿ ತಗ್ಗಿಸಿದರು. ಹೋದ ಚಳಿಗಾಲದವರೆಗೆ ಆ ಗಡಿಯಾರ ನಾಲ್ಕು ಪಟ್ಟು ವೇಗದಲ್ಲಿ ಓಡುತ್ತಿತ್ತಂತೆ. ವರ್ಷಗಟ್ಟಲೆ ಹಾಗೇ ನಡೆದಿತ್ತು. ಚಳಿಗಾಲದಲ್ಲಿ ಅದನ್ನು ಮೂರಕ್ಕೆ ಇಳಿಸಿದರು, ವೇಳಾಪಟ್ಟಿಯನ್ನೆಲ್ಲ ತಿರುಗಿ ಬರೆದರು. ಯಾರ್ಡಿನಲ್ಲಿ ಗಾಡಿಗಳು ಕಟ್ಟಿಹೋಗುತ್ತಿವೆ, ಅದಕ್ಕೇ ಈ ಬದಲಾವಣೆ ಎಂದು ಸಭೆಯಲ್ಲಿ ಹೇಳಿದರಂತೆ. ಹೇಳುತ್ತಾ ನನ್ನ ಜೊತೆಗಾರ ಗಲ್ಲವನ್ನು ಒಂದಿಷ್ಟೇ ಆಪರೇಟರಿನ ಮೇಜಿನ ಕಡೆಗೆ ತಿರುಗಿಸಿದರು. ಅಲ್ಲಿ ಆ ಹಿರಿಯರು ಪೆನ್ಸಿಲ್ ಚೂಪು ಮಾಡುತ್ತಿದ್ದರು.

ಅವರಿಗೆ ಗೊತ್ತೇ ಎಂದು ನಾನು ಕೇಳಲಿಲ್ಲ. ನಲವತ್ತು ವರ್ಷ ಗಡಿಯಾರ ನೋಡಿ ಬರೆದವರಿಗೆ ಗಡಿಯಾರ ನಿಧಾನವಾದದ್ದು ಗೊತ್ತಾಗದೇ ಇರುತ್ತದೆಯೇ?

ಸರದಿ ಸಾಲಿನ ಗಣಿತದಲ್ಲಿ ಒಬ್ಬ ಕೆಲಸಗಾರ ನಿಧಾನವಾದರೆ ನಮ್ಮ ಬಳಿ ಎರಡು ದಾರಿ: ಇನ್ನೊಬ್ಬರನ್ನು ಸೇರಿಸು, ಅಥವಾ ಅವರನ್ನು ಬದಲಿಸು. ಎಲ್ಲರ ಗಡಿಯಾರವನ್ನೂ ನಿಧಾನ ಮಾಡು ಎಂಬ ಮೂರನೆಯ ದಾರಿಯನ್ನು ನಾನು ಯಾವ ಪಠ್ಯದಲ್ಲೂ ಓದಿಲ್ಲ. ಆಸ್ಪತ್ರೆಯಲ್ಲಿ ಅದು ಸಾಧ್ಯವೂ ಇಲ್ಲ, ಅಲ್ಲಿ ಕಾಯುವವರಿಗೆ ನೋವಿರುತ್ತದೆ. ಈ ನೆಲಮಾಳಿಗೆಯಲ್ಲಿ ಅದು ಸಾಧ್ಯವಾದದ್ದು ಇದು ಆಟವಾದ್ದರಿಂದ. ಆದರೂ ಆಟದಲ್ಲಿಯೂ ಹೀಗೆ ಮಾಡುವವರು ಎಷ್ಟು ಜನ? ಕ್ರಿಕೆಟ್ಟಿನಲ್ಲಿ ವಯಸ್ಸಾದ ಬ್ಯಾಟ್ಸ್‌ಮನ್ನಿಗಾಗಿ ಯಾರೂ ಪಿಚ್ಚನ್ನು ಚಿಕ್ಕದು ಮಾಡುವುದಿಲ್ಲ.

ಪ್ಯಾಸೆಂಜರ್ ಬಂದದ್ದು 11.05ಕ್ಕೆ, ಹೇಳಿದ್ದಕ್ಕಿಂತಲೂ ತಡವಾಗಿ. ಯಾರದೋ ಅಂಗಿಯ ತೋಳು ತಾಗಿ ಯಾರ್ಡಿನ ಬಾಯಲ್ಲಿ ಮೂರು ಬೋಗಿ ಹಳಿ ತಪ್ಪಿದ್ದವಂತೆ. ನಮ್ಮ ಪಕ್ಕದಿಂದ ಕೆಂಪು ಬೋಗಿಗಳು ಒಂದೊಂದಾಗಿ ಹೋದವು. ಕಿಟಕಿಗಳಲ್ಲಿ ಬೆಳಕಿತ್ತು, ಅಕ್ಕಿಕಾಳಿನಷ್ಟು ದೊಡ್ಡ ತಲೆಗಳಿದ್ದವು. ಒಟ್ಟು ಇಪ್ಪತ್ತೈದು ನಿಮಿಷ ಕಾದು ನಾವು ಕಂಡದ್ದು ಹತ್ತು ಸೆಕೆಂಡಿನ ಆ ಮೆರವಣಿಗೆ. ನನ್ನ ಜೊತೆಗಾರ ಟೋಪಿ ಮುಟ್ಟಿಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ರೈಲ್ವೆಗಳಲ್ಲಿ ಹಳೆಯ ಕಾಲ ಬಹಳ ಶುಭ್ರವಾಗಿ ಬರುತ್ತದೆ. ಆ ಕೆಂಪು ಬೋಗಿಗಳಂಥ ಮಲಗುವ ಬೋಗಿಗಳಲ್ಲಿ 1954ರಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ ದುಡಿಯುತ್ತಿದ್ದವರು ಹೆಚ್ಚಾಗಿ ಕಪ್ಪು ಜನ. ಅವರು 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಸಂಘ ಕಟ್ಟಿ ಪುಲ್‌ಮನ್ ಕಂಪನಿಯೊಡನೆ ವರ್ಷಗಟ್ಟಲೆ ಹೋರಾಡಿದವರು. ಅವರಿಗೆ ಈ ನೆಲಮಾಳಿಗೆಯಲ್ಲಿ ಚೀಟಿಯಿಲ್ಲ. ಹಳಿ ಪಕ್ಕದಲ್ಲಿ ಗುದ್ದಲಿಯೆತ್ತಿ ನಿಂತ ಗ್ಯಾಂಗ್‌ಮನ್ ಗೊಂಬೆಗಳ ಗುದ್ದಲಿ ಎಂದೂ ಕೆಳಗಿಳಿಯುವುದಿಲ್ಲ. ಕಲ್ಲಿದ್ದಲ ಗಣಿಯಲ್ಲಿ ಧೂಳಿಲ್ಲ, ಕೆಮ್ಮಿಲ್ಲ. ಹದಿನಾಲ್ಕು ಜನರಲ್ಲಿ ಹೆಂಗಸು ನಾನೊಬ್ಬಳೇ, ಬಿಳಿಯರಲ್ಲದವಳೂ ನಾನೊಬ್ಬಳೇ. ನನ್ನನ್ನು ಅವರು ಆದರದಿಂದಲೇ ಕಂಡರು. ಆದರೂ 1954ರ ಆ ರೈಲ್ವೆಯಲ್ಲಿ ನನಗೆ ಯಾವ ಕೆಲಸ ಸಿಗುತ್ತಿತ್ತು ಎಂಬ ಪ್ರಶ್ನೆ ತಲೆಯಲ್ಲಿ ಇದ್ದೇ ಇತ್ತು.

ಆದರೆ ಅವರು ಆಡುತ್ತಿರುವುದು ಕೇವಲ ಹಳಹಳಿಕೆ ಎಂದು ಹೇಳಿಬಿಡಲೂ ನನಗೆ ಮನಸ್ಸಿಲ್ಲ. ಆಲ್ಟೂನಾ ರೈಲ್ವೆಯೇ ಕಟ್ಟಿದ ಊರು. 1849ರಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಅದನ್ನು ಸ್ಥಾಪಿಸಿತು. ಊರಾಚೆ ಬೆಟ್ಟ ಹತ್ತಲು 1854ರಲ್ಲಿ ತೆರೆದ ಕುದುರೆ ಲಾಳದಾಕಾರದ ತಿರುವನ್ನು ಇವತ್ತೂ ಜನ ಹೋಗಿ ನೋಡುತ್ತಾರೆ. ಅಲ್ಲಿನ ಕಾರ್ಖಾನೆಗಳಲ್ಲಿ ಸಾವಿರಾರು ಜನ ಎಂಜಿನ್ ಕಟ್ಟುತ್ತಿದ್ದರು. ಈಗ ಆ ಶಿಫ್ಟುಗಳಿಲ್ಲ. ಸೈರನ್ ನಿಂತುಹೋದ ಊರು ಹೇಗಿರುತ್ತದೆಂದು ಭದ್ರಾವತಿಯ ಕಡೆಯವರಿಗೆ ನಾನು ವಿವರಿಸಬೇಕಿಲ್ಲ. ಅಂಥ ಊರಿನಲ್ಲಿ ಕೆಲಸ ಹೋದಾಗ ಸಂಬಳವೊಂದೇ ಹೋಗುವುದಿಲ್ಲ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ತಾಗಿಕೊಂಡಿರುವ ಆ ಹೆಣಿಗೆಯೂ ಹೋಗುತ್ತದೆ. ನೀನು ಹೇಳಿದ್ದನ್ನು ನಾನು ತಿರುಗಿ ಓದುವುದು, ನಾನು ನಿಂತಿದ್ದರಿಂದ ನೀನು ದಾಟುವುದು. ತಿಂಗಳಿಗೊಮ್ಮೆ ಇವರು ತಿರುಗಿ ಹೆಣೆಯುತ್ತಿರುವುದು ಅದನ್ನು ಎಂದು ನನಗನ್ನಿಸಿತು. ಈ ಆಟದಲ್ಲಿ ಗೆದ್ದವರಿಲ್ಲ, ಸೋತವರಿಲ್ಲ, ಅಂಕಗಳಿಲ್ಲ.

ಮುಗಿಯುವುದೂ ಇಲ್ಲ. ನಮ್ಮ ಎಂಜಿನ್ ಮಧ್ಯಾಹ್ನ 12ಕ್ಕೆ ಯಾರ್ಡಿನಲ್ಲಿ ಬೇರೆ ಕೆಲಸಕ್ಕೆ ಬೇಕಿತ್ತು. ಗಣಿಗೆ ಹೋಗಲು ಹೊತ್ತಿರಲಿಲ್ಲ. ಮೂರು ಖಾಲಿ ವ್ಯಾಗನ್ನುಗಳನ್ನು ಆ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ಬಿಟ್ಟು, ಅವುಗಳ ಚೀಟಿಗಳನ್ನು ಹಲಗೆಗೆ ಹೊಡೆದ ಪೆಟ್ಟಿಗೆಯಲ್ಲಿ ಇಟ್ಟು ಬಂದೆವು. ಮುಂದಿನ ತಿಂಗಳು ಆಟ ಅಲ್ಲಿಂದಲೇ ಶುರು. ಆ ಚೀಟಿ ನೋಡಿ ಬೇರೆ ಯಾರೋ ಅವನ್ನು ಗಣಿಗೆ ಮುಟ್ಟಿಸುತ್ತಾರೆ.

ಅಂದು ರಾತ್ರಿ, ಅಂದರೆ ಊರಿನಲ್ಲಿ ಭಾನುವಾರ ಬೆಳಿಗ್ಗೆ, ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ನಿವೃತ್ತರಾಗಿ ಆರು ವರ್ಷ. ಕೆಲಸದ ಬಗ್ಗೆ ಅವರು ಎಂದೂ ಹೆಚ್ಚು ಮಾತಾಡಿದವರಲ್ಲ. ನಾವೂ ಕೇಳಿದವರಲ್ಲ. ನಮಗೆ ಗೊತ್ತಿದ್ದದ್ದು ಅವರ ನಿದ್ದೆಗೆಟ್ಟ ಕಣ್ಣು, ರಾತ್ರಿ ಪಾಳಿಯ ಮಾರನೆಯ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಬಾರದೆಂಬ ಕಟ್ಟಳೆ, ಮತ್ತು ಫೋನಿನಲ್ಲಿ ಅವರು ಹೇಳುತ್ತಿದ್ದ ಅರ್ಥವಾಗದ ಅಂಕಿಗಳು. ಅದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ಗುಟ್ಟಾಗಿಟ್ಟ ಒಂದು ಹಾಳೆಯಲ್ಲಿ ಅಂಕಿಗಳ ಪಟ್ಟಿ. ಪ್ರತಿ ಮುಖ್ಯ ಮಾತಿಗೂ ಒಂದು ಅಂಕಿ ಹೇಳಿ, ಅದನ್ನು ಹೊಡೆದುಹಾಕಬೇಕು. ಹೇಳಿದ್ದು ನಾನೇ, ಎಚ್ಚರದಲ್ಲೇ ಹೇಳಿದ್ದೇನೆ ಎನ್ನುವುದಕ್ಕೆ ಸಾಕ್ಷಿ.

ನಾನು ಎಲ್ಲ ಹೇಳಿದೆ. ಅ‍ಪ್ಪ ಮೊದಲು ನಕ್ಕರು. "ಆಟದ ರೈಲಿಗೂ ಲೈನ್ ಕ್ಲಿಯರ್ ಕೊಡ್ತಾರೇನೇ?" ಆಮೇಲೆ ಒಂದೊಂದಾಗಿ ಕೇಳಿದರು. "ಆರ್ಡರ್ ತಗೊಂಡೋರು ವಾಪಸ್ ಓದಿ ಹೇಳಿದ್ರಾ?" "ಹೇಳಿದ್ರಪ್ಪ." "ಟೈಮ್ ಹಾಕಿದ್ರಾ?" "ಹಾಕಿದ್ರು." "ಒಂದ್ ನಿಮಿಷ ಮಿಕ್ಕತ್ತೆ ಅಂತ ನೀನ್ ಹೊರಡ್ಲಿಲ್ಲ ಅಲ್ವಾ?" "ಇಲ್ಲಪ್ಪ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಅಮ್ಮನ ಕುಕ್ಕರ್ ಕೂಗಿದ್ದು ಕೇಳಿಸಿತು.

"ಅವ್ರಿಗೆ ಭಯ ಆಗತ್ತೇನೇ?" ಅಂದರು.

ಭಯವೇನೂ ಇರಲಿಲ್ಲ ಎಂದೆ. ಹಳಿ ತಪ್ಪಿದರೆ ಕೈಯಲ್ಲಿ ಎತ್ತಿ ಇಡುತ್ತಾರೆ, ಅಷ್ಟೆ.

"ಹಾಗಾದ್ರೆ ಚೆನ್ನಾಗಿರತ್ತೆ ಬಿಡು" ಅಂದರು ಅಪ್ಪ. "ಆ ಭಯ ಒಂದಿಲ್ದೇ ಇದ್ರೆ ಅದು ಬಹಳ ಚೆಂದದ ಕೆಲಸ ಕಣೇ. ನಂದು ಮೂವತ್ನಾಲ್ಕು ವರ್ಷ ಸರ್ವೀಸು. ಏನೂ ಆಗ್ಲಿಲ್ಲ."

ಏನೂ ಆಗಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ "ರಾತ್ರಿ ಡ್ಯೂಟಿ ಹೇಗಿತ್ತು" ಎಂದಾಗಲೆಲ್ಲ ಅಪ್ಪ ಹೇಳುತ್ತಿದ್ದದ್ದೂ ಇದೇ. ಹೇಳುವಂಥದ್ದು ಏನೂ ಇಲ್ಲದ ಕೆಲಸ ಅವರದು ಎಂಬ ಅರ್ಥದಲ್ಲಿ ನಾನದನ್ನು ಕೇಳುತ್ತಾ ಬೆಳೆದೆ. ಒಂದು ರಾತ್ರಿಗೆ ಹತ್ತಾರು ಗಾಡಿ, ಪ್ರತಿ ಗಾಡಿಯಲ್ಲಿ ನೂರಾರು ಜನ ನಿದ್ದೆಯಲ್ಲಿ. ಅವರಲ್ಲಿ ಒಬ್ಬರಿಗೂ ಆ ಸ್ಟೇಷನ್ನಿನ ಹೆಸರು ಗೊತ್ತಿರಲಾರದು. ಎದುರಿನ ಗಾಡಿ ಲೂಪ್ ಲೈನಿನಲ್ಲಿ ನಿಂತಿದ್ದರಿಂದ ತಾವು ದಾಟಿದೆವೆಂದೂ ಗೊತ್ತಿರಲಾರದು. ನನ್ನ ಗಣಿತದಲ್ಲಿ ಕಾಯುವ ನಿಮಿಷಗಳನ್ನು ಕೂಡಿಸಿ ನಷ್ಟವೆಂದು ಬರೆಯಬಹುದು. ಆಗದೇ ಹೋದದ್ದನ್ನು ಕೂಡಿಸುವ ಚಿಹ್ನೆ ಇನ್ನೂ ನನ್ನ ಬಳಿ ಇಲ್ಲ. ಪ್ರಬಂಧದ ಮುಂದಿನ ಅಧ್ಯಾಯದಲ್ಲಿ ತುರ್ತು ರೋಗಿಗೆ ದಾರಿ ಬಿಟ್ಟು ಕಾಯುವ ರೋಗಿಗಳ ಬಗ್ಗೆ ಬರೆಯಬೇಕಿದೆ. ಆ ಸಾಲನ್ನು ಬೇರೆಯಾಗಿ ಎಣಿಸುವುದು ಹೇಗೆಂದು ಯೋಚಿಸುತ್ತಿದ್ದೇನೆ. ಗೈಡಿಗೆ ಇನ್ನೂ ಹೇಳಿಲ್ಲ.

ಅಪ್ಪ ವೇಳಾಪಟ್ಟಿಯ ಫೋಟೋ ಕಳಿಸು ಎಂದಿದ್ದರು, ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ವಾಟ್ಸಾಪಿನಲ್ಲಿ ಒಂದು ಕಾಗದದ ಫೋಟೋ ಬಂತು. ಹಳೆಯ ಡೈರಿಯ ಹಾಳೆಯಲ್ಲಿ ಸ್ಕೇಲ್ ಇಟ್ಟು ಗೀಚಿದ ಓರೆಗೆರೆಗಳು: ಅಡ್ಡಕ್ಕೆ ಗಂಟೆ, ಉದ್ದಕ್ಕೆ ಆ ನೆಲಮಾಳಿಗೆಯ ಐದು ಸ್ಟೇಷನ್ನು, ಒಂದೊಂದು ಗಾಡಿಗೆ ಒಂದೊಂದು ಗೆರೆ. ಎರಡು ಗೆರೆ ಕೂಡುವ ಕಡೆಯಲ್ಲೆಲ್ಲ ಒಂದು ಸಣ್ಣ ಸೊನ್ನೆ. ನಡುವಿನ ಸ್ಟೇಷನ್ನಿನ 2.10ರ ಸೊನ್ನೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಜೊತೆಗೆ ಒಂದು ಧ್ವನಿ ಸಂದೇಶ: "ಅಲ್ಲಿ ಕಲ್ಲಿದ್ದಲು ಗಾಡಿಗೂ ಇನ್ನೊಂದು ಗೂಡ್ಸಿಗೂ ಕ್ರಾಸಿಂಗ್ ಬೀಳತ್ತೆ. ಆ ಲೂಪ್ ಎಷ್ಟು ವ್ಯಾಗನ್ ಹಿಡಿಯತ್ತೆ, ಕೇಳಿ ಹೇಳು. ಹಿಡೀದೇ ಇದ್ರೆ ಗೂಡ್ಸನ್ನ ಹಿಂದಿನ ಸ್ಟೇಷನ್ನಲ್ಲೇ ನಿಲ್ಲಿಸ್ಬೇಕು."

ನನಗೆ ಗೊತ್ತಿರಲಿಲ್ಲ. ಆ ಆಪರೇಟರ್ ಹಿರಿಯರಿಗೆ ಗೊತ್ತಿರುತ್ತದೆ. ಬರುವ ಶನಿವಾರ ಹೋದಾಗ ಅವರನ್ನು ಕೇಳಬೇಕು, ಅಪ್ಪನ ಕಾಗದವನ್ನೂ ತೋರಿಸಬೇಕು.